ಬಂಧುಬಳಗದ ಲೆಕ್ಕ

ಮದುವೆಯ ಮನೆಗಳಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆಯೊಂದುಂಟು: "ಅವರು ನಮಗೆ ಏನಾಗಬೇಕು?" ಎರಡು ವರ್ಷಗಳ ಹಿಂದೆ ಇಂಥದೊಂದು ಮದುವೆಯಲ್ಲಿ, ಬಿ.ಎಸ್‌ಸಿ. ಮೊದಲನೆಯ ವರ್ಷದಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗನು, ಪಂಕ್ತಿಯ ಕೊನೆಯಲ್ಲಿ ಊಟಕ್ಕೆ ಕುಳಿತಿದ್ದ ವೃದ್ಧರೊಬ್ಬರನ್ನು ತೋರಿಸಿ ಇದೇ ಪ್ರಶ್ನೆಯನ್ನು ನನ್ನನ್ನು ಕೇಳಿದನು. ಉತ್ತರ ಹೇಳಲು ಕ್ಷಣಕಾಲ ನನಗೆ ಬಾಯಿ ಬರಲಿಲ್ಲ. ಅವರು ನನ್ನ ತಂದೆಯವರ ಒಡಹುಟ್ಟಿದ ತಮ್ಮ, ನನ್ನ ಚಿಕ್ಕಪ್ಪ, ಕೇಳಿದವನಿಗೆ ಚಿಕ್ಕತಾತ. ಅದಕ್ಕೆ ಒಂಬತ್ತು ವರ್ಷಗಳ ಹಿಂದೆ ತೋಟದ ಪಂಪುಸೆಟ್ಟಿನ ಮೋಟಾರು ಸುಟ್ಟುಹೋದಾಗ, ರಿಪೇರಿಯ ಹಣವನ್ನು ಯಾರು ಎಷ್ಟು ಕೊಡಬೇಕೆಂಬ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಮಾತಿಗೆ ಮಾತು ಬೆಳೆದು, ಎರಡು ಮನೆಗಳ ನಡುವೆ ಹೋಗಿಬರುವುದು ನಿಂತುಹೋಗಿತ್ತು. ಅಂದು ಚಿಕ್ಕ ಬಾಲಕನಾಗಿದ್ದ ನನ್ನ ಅಳಿಯನಿಗೆ ಆ ಮುಖವೇ ಮರೆತಿತ್ತು.

ಭೌತಶಾಸ್ತ್ರವನ್ನು ಬೋಧಿಸುವವನಿಗೆ ಬಂಧುತ್ವದ ವಿಷಯದಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಬಂಧುತ್ವವೂ ಇಂದು ವಿಜ್ಞಾನದ ವಿಷಯವೇ ಆಗಿದೆ. ಮಾನವಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು, ವೈದ್ಯರು ಇದನ್ನು ಅಳೆದು ಎಣಿಸಿ ಪರೀಕ್ಷಿಸಿದ್ದಾರೆ. ಅವರು ಕಂಡುಕೊಂಡದ್ದರಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಕೆಲವು ಅಂಶಗಳನ್ನು ಈ ಲೇಖನದಲ್ಲಿ ವಿವೇಚಿಸೋಣ.

ನಂಟಿನ ಹೆಸರುಗಳು

ಒಂದು ಶಾಸ್ತ್ರವನ್ನು ಕಲಿಯುವವನು ಮೊದಲು ಅದರ ಪರಿಭಾಷೆಯನ್ನು ಕಲಿಯಬೇಕು. ಬಂಧುತ್ವದ ಪರಿಭಾಷೆಯು ಕನ್ನಡದಲ್ಲಿ ಬಹು ಸಮೃದ್ಧವಾಗಿದೆ, ಕ್ರಮಬದ್ಧವೂ ಆಗಿದೆ. ತಂದೆಯ ಅಣ್ಣತಮ್ಮಂದಿರು ನಮಗೆ ದೊಡ್ಡಪ್ಪ, ಚಿಕ್ಕಪ್ಪ. ಎಂದರೆ ಅವರೂ ಒಂದು ಬಗೆಯ ಅಪ್ಪಂದಿರೇ. ತಾಯಿಯ ಅಕ್ಕತಂಗಿಯರು ದೊಡ್ಡಮ್ಮ, ಚಿಕ್ಕಮ್ಮ, ಅವರು ಅಮ್ಮಂದಿರು. ಆದರೆ ತಂದೆಯ ಅಕ್ಕತಂಗಿಯರು ಅತ್ತೆಯರು, ತಾಯಿಯ ಅಣ್ಣತಮ್ಮಂದಿರು ಮಾವಂದಿರು. ಇಲ್ಲಿರುವ ನಿಯಮ ಸರಳ. ತಂದೆಗೆ ತಮ್ಮನು, ತಾಯಿಗೆ ತಂಗಿಯು ಹೀಗೆ ಇಬ್ಬರೂ ಒಂದೇ ಲಿಂಗದವರಾದರೆ ಹೆಸರು ಕೂಡುತ್ತದೆ. ಬೇರೆ ಲಿಂಗದವರಾದರೆ ಹೆಸರು ಕವಲೊಡೆಯುತ್ತದೆ. ಮುಂದಿನ ತಲೆಮಾರಿಗೂ ಇದೇ ನಿಯಮ. ದೊಡ್ಡಪ್ಪನ ಮಗ, ಚಿಕ್ಕಮ್ಮನ ಮಗ ನಮಗೆ ಅಣ್ಣ ಅಥವಾ ತಮ್ಮ. ಸೋದರಮಾವನ ಮಗನಾದರೋ ಭಾವ ಅಥವಾ ಮೈದುನ.

ಅಮೆರಿಕದ ನ್ಯಾಯವಾದಿಯೂ ಮಾನವಶಾಸ್ತ್ರಜ್ಞನೂ ಆಗಿದ್ದ ಲೂಯಿಸ್ ಹೆನ್ರಿ ಮಾರ್ಗನ್ ಎಂಬಾತನು ೧೮೭೧ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಲೋಕದ ಅನೇಕ ಜನಾಂಗಗಳ ಬಂಧುವಾಚಕ ಪದಗಳನ್ನು ಕೋಷ್ಟಕಗಳಲ್ಲಿ ಜೋಡಿಸಿದನು. ಅದರಲ್ಲಿ ತಮಿಳು, ತೆಲುಗುಗಳೊಡನೆ ಕನ್ನಡವೂ ಸೇರಿದೆ. ನಮ್ಮ ಪದ್ಧತಿಗೂ ತನ್ನ ನೆರೆಯ ಇರೋಕ್ವಾ ಎಂಬ ಅಮೆರಿಕದ ಮೂಲನಿವಾಸಿಗಳ ಪದ್ಧತಿಗೂ ಇರುವ ಹೋಲಿಕೆಯನ್ನು ಕಂಡು ಆತನು ಬೆರಗಾದನು. ಮುಂದೆ ೧೯೪೨ರಲ್ಲಿ ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು ಮೈಸೂರು ಪ್ರಾಂತದ ಮದುವೆ ಮತ್ತು ಕುಟುಂಬಗಳನ್ನು ಕುರಿತೂ, ೧೯೫೩ರಲ್ಲಿ ಇರಾವತಿ ಕರ್ವೆಯವರು ಇಡೀ ಭಾರತದ ಬಂಧುವ್ಯವಸ್ಥೆಯನ್ನು ಕುರಿತೂ ಗ್ರಂಥಗಳನ್ನು ರಚಿಸಿದರು. ಉತ್ತರದಲ್ಲಿ ಹುಡುಗಿಯು ಸಾಮಾನ್ಯವಾಗಿ ಅಪರಿಚಿತರ ಮನೆಗೆ ಸೊಸೆಯಾಗಿ ಹೋಗುವಳೆಂದೂ, ದಕ್ಷಿಣದಲ್ಲಿ ಅವಳು ಅನೇಕ ವೇಳೆ ಮೊದಲೇ ಬಲ್ಲ ಬಂಧುಗಳ ಮನೆಗೆ ಹೋಗುವಳೆಂದೂ ಕರ್ವೆಯವರು ತೋರಿಸಿಕೊಟ್ಟರು. ಗಂಡನ ತಾಯಿಗೂ ತಂದೆಯ ಸೋದರಿಗೂ ನಾವು 'ಅತ್ತೆ' ಎಂಬ ಒಂದೇ ಹೆಸರನ್ನು ಬಳಸುವುದಕ್ಕೆ ಇದೇ ಕಾರಣ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳು ಸರಾಸರಿಯಲ್ಲಿ ನಮ್ಮ ಜೀನುಗಳ ಎಂಟರಲ್ಲೊಂದು ಪಾಲನ್ನು ಹಂಚಿಕೊಂಡಿರುತ್ತಾರೆ; ಸೋದರಮಾವನೂ ಸೋದರಸೊಸೆಯೂ ನಾಲ್ಕರಲ್ಲೊಂದು ಪಾಲನ್ನು. ಇಂಥವರು ವಿವಾಹವಾದರೆ, ಒಬ್ಬನೇ ಪೂರ್ವಜನ ಒಂದೇ ಜೀನು ತಂದೆತಾಯಿಗಳಿಬ್ಬರಿಂದಲೂ ಮಗುವಿಗೆ ಬರುವ ಸಂಭವವು ಕ್ರಮವಾಗಿ ಹದಿನಾರರಲ್ಲೊಂದು, ಎಂಟರಲ್ಲೊಂದು ಆಗುತ್ತದೆ. ಕೆಲವು ಆನುವಂಶಿಕ ರೋಗಗಳು ಕಾಣಿಸಿಕೊಳ್ಳುವುದಕ್ಕೆ ಇದರಿಂದ ಅವಕಾಶ ಹೆಚ್ಚು. ಆದುದರಿಂದ ಬಂಧುತ್ವವನ್ನು ಉಳಿಸುವುದಕ್ಕೆ ಮದುವೆಯೇ ಸಾಧನವೆಂದು ಭಾವಿಸಬೇಕಾಗಿಲ್ಲ. ಅದಕ್ಕೆ ಬೇರೆ ಮಾರ್ಗಗಳಿವೆ.

ಸಂಬಂಧಗಳ ಎಣಿಕೆ

೧೯೪೫ರಲ್ಲಿ ಜೇಮ್ಸ್ ಬೊಸ್ಸಾರ್ಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞನು ಕುಟುಂಬಕ್ಕೆ ಅನ್ವಯಿಸುವ ಒಂದು ಸುಲಭವಾದ ಗಣಿತನಿಯಮವನ್ನು ಎತ್ತಿ ತೋರಿಸಿದನು. ಒಂದು ಮನೆಯಲ್ಲಿ 'ನ' ಜನರಿದ್ದರೆ ಅವರ ನಡುವೆ ಇರುವ ಪರಸ್ಪರ ಸಂಬಂಧಗಳ ಸಂಖ್ಯೆ ನ × (ನ − ೧) ÷ ೨. ಹೈಸ್ಕೂಲಿನ ವಿದ್ಯಾರ್ಥಿಗೂ ಇದು ತಿಳಿಯುವಂಥದು. ಪ್ರತಿಯೊಬ್ಬನಿಗೂ ಉಳಿದ (ನ − ೧) ಜನರೊಡನೆ ಸಂಬಂಧವುಂಟು. ಪ್ರತಿಯೊಂದು ಸಂಬಂಧವೂ ಎರಡು ಸಲ ಎಣಿಕೆಯಾಗುವುದರಿಂದ ಎರಡರಿಂದ ಭಾಗಿಸಬೇಕು.

ಈ ಸೂತ್ರದಂತೆ ಐವರ ಮನೆಯಲ್ಲಿ ೧೦ ಸಂಬಂಧಗಳು, ಆರು ಜನರ ಮನೆಯಲ್ಲಿ ೧೫, ಹನ್ನೆರಡು ಜನರ ಮನೆಯಲ್ಲಿ ೬೬, ಇಪ್ಪತ್ತು ಜನರ ಒಟ್ಟುಕುಟುಂಬದಲ್ಲಿ ೧೯೦. ಜನರು ನಾಲ್ಕು ಪಟ್ಟು ಹೆಚ್ಚಿದರೆ ಸಂಬಂಧಗಳು ಹತ್ತೊಂಬತ್ತು ಪಟ್ಟು ಹೆಚ್ಚುತ್ತವೆ. ದೊಡ್ಡ ಸಂಸಾರದಲ್ಲಿ ಆಗಾಗ ಮನಸ್ತಾಪಗಳು ತಲೆದೋರಿದರೆ ಅದಕ್ಕೆ ಯಾರದೋ ಕೆಟ್ಟತನವೇ ಕಾರಣವೆಂದು ತೀರ್ಮಾನಿಸಬೇಕಾಗಿಲ್ಲ. ೧೯೦ ತಂತಿಗಳ ವಾದ್ಯದಲ್ಲಿ ಯಾವುದೋ ಒಂದು ತಂತಿಯ ಶ್ರುತಿ ತಪ್ಪುವುದು ಸಹಜ.

ಇದೇ ಸೂತ್ರದಿಂದ ಇನ್ನೂ ಎರಡು ತತ್ವಗಳನ್ನು ಪಡೆಯಬಹುದು.

ಮೊದಲನೆಯದು, ಹೊಸಬರ ವಿಷಯ. ಹನ್ನೆರಡು ಜನರಿರುವ ಮನೆಗೆ ಸೊಸೆಯೊಬ್ಬಳು ಬಂದಳೆಂದು ಭಾವಿಸೋಣ. ಮನೆಯವರಲ್ಲಿ ಪ್ರತಿಯೊಬ್ಬರಿಗೂ ಒಂದೊಂದೇ ಹೊಸ ಸಂಬಂಧ ಕೂಡಿಕೊಂಡಿತು. ಅವಳಿಗಾದರೋ ಒಂದೇ ದಿನದಲ್ಲಿ ಹನ್ನೆರಡು ಹೊಸ ಸಂಬಂಧಗಳು. ಅತ್ತೆ, ಮಾವ, ಭಾವ, ಮೈದುನ, ನಾದಿನಿ, ಓರಗಿತ್ತಿ ಇವರೆಲ್ಲರ ಸ್ವಭಾವವನ್ನೂ ಅವಳು ಏಕಕಾಲದಲ್ಲಿ ಅರಿತುಕೊಳ್ಳಬೇಕಾಗಿದೆ. ಹೊಂದಿಕೊಳ್ಳುವ ಭಾರವನ್ನೆಲ್ಲ ಅವಳ ತಲೆಯ ಮೇಲೆ ಹೊರಿಸಿ, 'ನಮ್ಮ ಮನೆಗೆ ಇನ್ನೂ ಹೊಂದಿಕೊಂಡಿಲ್ಲ' ಎಂದು ದೂರುವುದು ನ್ಯಾಯವಲ್ಲವೆಂಬುದು ಈ ಲೆಕ್ಕದಿಂದಲೇ ವ್ಯಕ್ತವಾಗುತ್ತದೆ.

ಎರಡನೆಯದು, ಜಗಳದ ವಿಷಯ. ನಮ್ಮ ಮನೆಯಲ್ಲಿ ಆಗ ಐವರು, ಚಿಕ್ಕಪ್ಪನವರ ಮನೆಯಲ್ಲಿ ನಾಲ್ವರು. ಎರಡು ಮನೆಗಳ ನಡುವಣ ಸಂಬಂಧಗಳು ೫ × ೪ = ೨೦. ಮೋಟಾರಿನ ವ್ಯಾಜ್ಯವಿದ್ದುದು ಇಬ್ಬರ ನಡುವೆ ಮಾತ್ರ, ಎಂದರೆ ಒಂದೇ ಒಂದು ಸಂಬಂಧದಲ್ಲಿ. ಆದರೆ ಕಡಿದುಹೋದವು ಇಪ್ಪತ್ತು. ನನ್ನ ತಾಯಿಗೂ ಚಿಕ್ಕಮ್ಮನಿಗೂ, ನನಗೂ ಚಿಕ್ಕಪ್ಪನ ಮಕ್ಕಳಿಗೂ ಯಾವ ವ್ಯಾಜ್ಯವೂ ಇರಲಿಲ್ಲ. ಆದರೂ ಹತ್ತೊಂಬತ್ತು ನಿರ್ದೋಷಿ ಸಂಬಂಧಗಳು ಮೌನದಲ್ಲಿ ಮುಳುಗಿಹೋದವು. ಮದುವೆಯ ಮನೆಯಿಂದ ಹಿಂದಿರುಗಿದ ರಾತ್ರಿ ಈ ಲೆಕ್ಕವನ್ನು ಕಾಗದದ ಮೇಲೆ ಬರೆದಾಗಲೇ ನಷ್ಟದ ಪ್ರಮಾಣ ನನಗೆ ಸ್ಪಷ್ಟವಾಯಿತು.

ಮನಸ್ಸಿನ ಮಿತಿ

ಹಾಗಾದರೆ ಎಲ್ಲ ಬಂಧುಗಳೊಡನೆಯೂ ಸಮನಾದ ಆತ್ಮೀಯತೆಯನ್ನು ಇಟ್ಟುಕೊಳ್ಳಬೇಕೇ? ಅದು ಸಾಧ್ಯವಿಲ್ಲವೆಂದು ವಿಜ್ಞಾನ ಹೇಳುತ್ತದೆ. ಬ್ರಿಟನ್ನಿನ ರಾಬಿನ್ ಡನ್ಬರ್ ಎಂಬವರು ೧೯೯೨ರಲ್ಲಿ ಕಪಿ ಮತ್ತು ವಾನರಗಳ ಮಿದುಳಿನ ಹೊರಪದರದ ಗಾತ್ರಕ್ಕೂ ಅವುಗಳ ಗುಂಪಿನ ಗಾತ್ರಕ್ಕೂ ಸಂಬಂಧವಿರುವುದನ್ನು ತೋರಿಸಿದರು. ಅದೇ ರೇಖೆಯನ್ನು ಮನುಷ್ಯನವರೆಗೆ ಎಳೆದಾಗ ೧೪೮ ಎಂಬ ಸಂಖ್ಯೆ ಬಂದಿತು. ಇದನ್ನು ಸುಮಾರಾಗಿ ೧೫೦ ಎನ್ನುವುದು ವಾಡಿಕೆ. ಈ ವರ್ತುಲದ ಒಳಗೆ ಸುಮಾರು ೫೦, ೧೫ ಮತ್ತು ೫ ಜನರ ಇನ್ನೂ ಚಿಕ್ಕದಾದ ಆಪ್ತವರ್ತುಲಗಳಿರುವುವೆಂಬುದು ಅವರ ಅಭಿಪ್ರಾಯ. ಇಷ್ಟು ಖಚಿತವಾದ ಸಂಖ್ಯೆಯನ್ನು ಈ ಆಧಾರಗಳಿಂದ ಪಡೆಯಲಾಗದೆಂದು ಸ್ಟಾಕ್‌ಹೋಮಿನ ವಿದ್ವಾಂಸರು ೨೦೨೧ರಲ್ಲಿ ಆಕ್ಷೇಪಿಸಿದ್ದಾರೆ. ಸಂಖ್ಯೆಯ ವಿವಾದ ಹೇಗೇ ಇರಲಿ, ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆಗಳಿರುವಾಗ ನಮ್ಮ ಕಾಲಕ್ಕೂ ಗಮನಕ್ಕೂ ಮಿತಿಯಿದೆಯೆಂಬುದರಲ್ಲಿ ಸಂದೇಹವಿಲ್ಲ.

ಹಿಂದೆ ಈ ಮಿತಿಯನ್ನು ದೊಡ್ಡ ಮನೆಗಳು ಹೇಗೆ ನಿಭಾಯಿಸುತ್ತಿದ್ದುವು? ಮನೆಯಲ್ಲಿ ಒಬ್ಬ ಅಜ್ಜಿಯಿರುತ್ತಿದ್ದಳು. ಯಾರ ಮನೆಯಲ್ಲಿ ಬಾಣಂತನ, ಯಾರ ಮನೆಯಲ್ಲಿ ಗೃಹಪ್ರವೇಶ, ಯಾರಿಗೆ ಕಾಯಿಲೆ ಎಂಬುದು ಅವಳ ನೆನಪಿನಲ್ಲಿರುತ್ತಿತ್ತು. 'ಒಂದು ಸಲ ಹೋಗಿ ನೋಡಿಕೊಂಡು ಬಾ' ಎಂದು ಅವಳು ಹೇಳಿದರೆ ಯಾರಾದರೂ ಹೋಗಿಬರುತ್ತಿದ್ದರು. ಕೆರೊಲಿನ್ ರೋಸೆಂಥಾಲ್ ಎಂಬ ಕೆನಡಾದ ವಿದುಷಿಯು ೧೯೮೫ರಲ್ಲಿ ಇಂಥ 'ಬಂಧುಪಾಲಕ'ರನ್ನು ಕುರಿತು ಅಧ್ಯಯನ ಮಾಡಿ, ಬಹುಪಾಲು ಕುಟುಂಬಗಳಲ್ಲಿ ಈ ಕೆಲಸ ಹೆಂಗಸರ ಪಾಲಿಗೇ ಬಂದಿರುವುದನ್ನು ತೋರಿಸಿದರು. ನಮ್ಮ ದೇಶದಲ್ಲಿಯೂ ಹಾಗೆಯೇ. ಅಜ್ಜಿ ತೀರಿಕೊಂಡ ಬಳಿಕ ಬಳಗವು ಚದರಿಹೋಯಿತೆಂದು ಹಲವರು ಹೇಳುವುದುಂಟು. ನಮ್ಮ ಮನೆಯ ಜಗಳವೂ ಅಜ್ಜಿ ತೀರಿಕೊಂಡ ಮರುವರ್ಷವೇ ಆದುದು. ಅವಳು ಮಾಡುತ್ತಿದ್ದ ಕೆಲಸ ಕಣ್ಣಿಗೆ ಕಾಣುತ್ತಿರಲಿಲ್ಲವಾದ್ದರಿಂದ, ಅದನ್ನು ಯಾರೂ ವಹಿಸಿಕೊಳ್ಳಲಿಲ್ಲ.

ಡನ್ಬರ್ ಮತ್ತು ಅವರ ಸಹೋದ್ಯೋಗಿ ರಾಬರ್ಟ್ಸ್ ಎಂಬವರು ಶಾಲೆಯನ್ನು ಮುಗಿಸಿ ಮುಂದಿನ ಜೀವನಕ್ಕೆ ಹೊರಟ ತರುಣರನ್ನು ಹದಿನೆಂಟು ತಿಂಗಳ ಕಾಲ ಅಧ್ಯಯನ ಮಾಡಿದರು. ಭೇಟಿ ಮತ್ತು ಮಾತುಕತೆ ಕಡಿಮೆಯಾದಂತೆ ಸ್ನೇಹಿತರೊಡನೆಯ ಆಪ್ತತೆ ಬೇಗನೆ ತಗ್ಗಿತು. ಬಂಧುಗಳೊಡನೆಯದು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಹಾಸ್ಟೆಲಿನಲ್ಲಿದ್ದು ಓದುವ ನಮ್ಮ ವಾಚಕರಿಗೆ ಇದು ಸಮಾಧಾನದ ಸಂಗತಿ. ಆದರೆ ಇದರಲ್ಲಿಯೇ ಒಂದು ಅಪಾಯವೂ ಅಡಗಿದೆ. ಬಂಧುತ್ವವು ಬೇಗನೆ ಆರುವುದಿಲ್ಲವೆಂಬ ಧೈರ್ಯದಿಂದ ನಾವು ಅದನ್ನು ವರ್ಷಗಟ್ಟಲೆ ಅಲಕ್ಷ್ಯ ಮಾಡುತ್ತೇವೆ. ಕೆಂಡ ಬೂದಿಯೊಳಗೆ ಬಹಳ ಹೊತ್ತು ಬಿಸಿಯಾಗಿರುವುದು ನಿಜ. ಎಷ್ಟು ಹೊತ್ತಾದರೂ ಹಾಗೆಯೇ ಇರುವುದಿಲ್ಲ.

ಸಂಬಂಧವೂ ಆರೋಗ್ಯವೂ

ಬಂಧುಬಳಗದಿಂದ ದೇಹಾರೋಗ್ಯಕ್ಕೆ ಏನಾದರೂ ಪ್ರಯೋಜನವುಂಟೇ? ಕ್ಯಾಲಿಫೋರ್ನಿಯಾದ ಅಲಮೇಡಾ ಪ್ರಾಂತದಲ್ಲಿ ಸುಮಾರು ಏಳು ಸಾವಿರ ವಯಸ್ಕರನ್ನು ಒಂಬತ್ತು ವರ್ಷಗಳ ಕಾಲ ಗಮನಿಸಿ, ಬರ್ಕ್‌ಮನ್ ಮತ್ತು ಸೈಮ್ ಎಂಬವರು ೧೯೭೯ರಲ್ಲಿ ವರದಿಯನ್ನು ಪ್ರಕಟಿಸಿದರು. ದಾಂಪತ್ಯ, ಬಂಧುಮಿತ್ರರು, ಸಂಘಸಂಸ್ಥೆಗಳು ಮುಂತಾದ ಸಂಬಂಧಗಳು ಅತ್ಯಂತ ಕಡಿಮೆಯಿದ್ದವರಲ್ಲಿ ಮರಣದ ಪ್ರಮಾಣವು ಅತ್ಯಂತ ಹೆಚ್ಚು ಸಂಬಂಧಗಳಿದ್ದವರದಕ್ಕಿಂತ ಗಂಡಸರಲ್ಲಿ ೨.೩ ಪಟ್ಟು, ಹೆಂಗಸರಲ್ಲಿ ೨.೮ ಪಟ್ಟು ಇದ್ದಿತು. ೨೦೧೦ರಲ್ಲಿ ಹೋಲ್ಟ್-ಲನ್‌ಸ್ಟಡ್ ಮತ್ತು ಸಂಗಡಿಗರು ಇಂಥ ೧೪೮ ಅಧ್ಯಯನಗಳನ್ನು, ಎಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು, ಒಟ್ಟುಗೂಡಿಸಿ ನೋಡಿದಾಗ, ಗಟ್ಟಿಯಾದ ಸಾಮಾಜಿಕ ಸಂಬಂಧಗಳುಳ್ಳವರು ಬದುಕಿ ಉಳಿಯುವ ಸಂಭವವು ಶೇಕಡಾ ೫೦ರಷ್ಟು ಹೆಚ್ಚೆಂದು ಕಂಡುಬಂದಿತು.

ವಿಜ್ಞಾನದ ವಿದ್ಯಾರ್ಥಿಯು ಇಲ್ಲಿ ಅವಸರಪಡಬಾರದು. ಎರಡು ಸಂಗತಿಗಳು ಜೊತೆಯಾಗಿ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ರೋಗಿಯಾದವನು ಎಲ್ಲಿಗೂ ಹೋಗಲಾರದೆ ಸಂಬಂಧಗಳನ್ನು ಕಳೆದುಕೊಂಡಿರಲೂಬಹುದು. ಅಧ್ಯಯನವನ್ನು ಆರಂಭಿಸಿದಾಗ ಪ್ರತಿಯೊಬ್ಬರ ಆರೋಗ್ಯ ಹೇಗಿತ್ತೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೂ ಈ ವ್ಯತ್ಯಾಸ ಉಳಿಯುತ್ತದೆ. ಆದುದರಿಂದಲೇ ತಜ್ಞರು ಇದನ್ನು ಗಂಭೀರವಾಗಿ ಪರಿಗಣಿಸುತ್ತಾರೆ.

ಸಂಬಂಧಗಳ ಸಂಖ್ಯೆಗಿಂತ ಅವುಗಳ ಗುಣವು ಮುಖ್ಯವೆಂಬುದಕ್ಕೂ ಪ್ರಯೋಗದ ಆಧಾರವಿದೆ. ೨೦೦೫ರಲ್ಲಿ ಅಮೆರಿಕದಲ್ಲಿ ೪೨ ದಂಪತಿಗಳ ತೋಳಿನ ಮೇಲೆ ಚಿಕ್ಕ ಬೊಕ್ಕೆಗಳನ್ನು ಉಂಟುಮಾಡಿ, ಗಾಯವು ಮಾಯುವ ವೇಗವನ್ನು ಅಳೆದರು. ಪರಸ್ಪರ ಹಗೆತನದಿಂದ ಮಾತಾಡುತ್ತಿದ್ದವರ ಗಾಯವು, ಸೌಮ್ಯರಾಗಿದ್ದವರ ಗಾಯವು ಮಾಯುವ ವೇಗದ ಶೇಕಡಾ ೬೦ರಷ್ಟು ವೇಗದಲ್ಲಿ ಮಾತ್ರ ಮಾಗಿತು. ಹಳಸಿದ ಅನ್ನದಂತೆ ಹಳಸಿದ ಸಂಬಂಧವೂ ದೇಹಕ್ಕೆ ಹಿತವಲ್ಲ. ಹೊಡೆತ, ಬೆದರಿಕೆ, ಅಪಮಾನಗಳನ್ನು ಬಂಧುತ್ವದ ಹೆಸರಿನಲ್ಲಿ ಸಹಿಸಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ೨೦೦೫ರ ಕೌಟುಂಬಿಕ ಹಿಂಸಾಚಾರ ತಡೆ ಕಾನೂನು ಗಂಡನ ವಿಷಯಕ್ಕೆ ಮಾತ್ರ ಸೀಮಿತವಾಗಿಲ್ಲ. ಒಂದೇ ಮನೆಯಲ್ಲಿ ಬಾಳುವ ಇತರ ಬಂಧುಗಳ ವಿರುದ್ಧವೂ ಅದು ಸ್ತ್ರೀಯರಿಗೆ ರಕ್ಷಣೆ ಕೊಡುತ್ತದೆ. ಅಂಥ ಸಂದರ್ಭದಲ್ಲಿ ದೂರವಿರುವುದೇ ಆರೋಗ್ಯಕರ. ನಂಬಿಕೆಯುಳ್ಳ ಹಿರಿಯರಿಗೋ ಅಧ್ಯಾಪಕರಿಗೋ ಕೂಡಲೇ ತಿಳಿಸಬೇಕು.

ಆಚರಣೆಯ ಸೂತ್ರಗಳು

ಮೇಲಿನ ವಿಚಾರಗಳಿಂದ ವಿದ್ಯಾರ್ಥಿಗಳು ಆಚರಣೆಗೆ ತರಬಹುದಾದ ಕೆಲವು ಸೂತ್ರಗಳನ್ನು ಹೀಗೆ ಸಂಗ್ರಹಿಸಬಹುದು.

೧. ವಂಶವೃಕ್ಷವನ್ನು ಬರೆಯಿರಿ. ಮನೆಯ ಹಿರಿಯರ ಬಳಿ ಕುಳಿತು, ತಾಯಿಯ ಕಡೆ ಮತ್ತು ತಂದೆಯ ಕಡೆ ಎರಡನ್ನೂ ಮೂರು ತಲೆಮಾರುಗಳವರೆಗೆ ಬರೆದುಕೊಳ್ಳಿರಿ. ಪ್ರತಿಯೊಬ್ಬರನ್ನೂ ನೀವು ಏನೆಂದು ಕರೆಯಬೇಕೆಂಬುದನ್ನೂ ಗುರುತಿಸಿರಿ. ಎಲ್ಲರನ್ನೂ 'ಅಂಕಲ್', 'ಆಂಟಿ' ಎಂದು ಕರೆದರೆ ಈ ನಕ್ಷೆಯೇ ಅಳಿಸಿಹೋಗುತ್ತದೆ.

೨. ಸ್ವಲ್ಪವಾದರೂ ಕ್ರಮವಾಗಿರಲಿ. ಹಿಂದಿನವರು ಒಂದು ಕಾರ್ಡಿನಲ್ಲಿ ನಾಲ್ಕು ಸಾಲು ಕ್ಷೇಮಸಮಾಚಾರ ಬರೆಯುತ್ತಿದ್ದರು. ಇಂದು ದೂರವಾಣಿಯು ಎಲ್ಲರ ಜೇಬಿನಲ್ಲಿಯೂ ಇದೆ. ವಾಟ್ಸಾಪಿನ ಬಳಗದಲ್ಲಿ ಐವತ್ತು ಜನರಿಗೆ ಒಟ್ಟಿಗೆ ಕಳುಹಿಸಿದ ಶುಭೋದಯವು ಐವತ್ತು ಮಾತುಕತೆಗಳಿಗೆ ಸಮನಲ್ಲ. ವಾರಕ್ಕೊಬ್ಬರಂತೆ ಹತ್ತು ನಿಮಿಷ ಮಾತನಾಡಿದರೆ ವರ್ಷದಲ್ಲಿ ೫೨ ಬಂಧುಗಳನ್ನು ಮಾತಾಡಿಸಿದಂತಾಗುತ್ತದೆ. ಈ ಕೆಲಸ ಅಕ್ಕತಂಗಿಯರದೆಂದು ಹುಡುಗರು ಕೈಬಿಡಬಾರದು.

೩. ಮೂರನೆಯವರ ಬಾಯಲ್ಲಿ ಮಾತು ಕಳುಹಿಸಬೇಡಿರಿ. ಒಬ್ಬರಿಂದೊಬ್ಬರಿಗೆ ದಾಟುವಾಗ ಮಾತಿನ ಸ್ವರ ಕಳೆದು ಶಬ್ದ ಮಾತ್ರ ಉಳಿಯುತ್ತದೆ. ಕೆಲವೊಮ್ಮೆ ಶಬ್ದವೂ ಬದಲಾಗುತ್ತದೆ. ಹೇಳಬೇಕಾದುದನ್ನು ಹೇಳಬೇಕಾದವರಿಗೇ ಹೇಳಿರಿ.

೪. ಲೆಕ್ಕವನ್ನು ಬರೆದಿಡಿರಿ. ಕೈಗಡವಾಗಲಿ, ಪಾಲಿನ ಖರ್ಚಾಗಲಿ, ಒಂದು ಪುಸ್ತಕದಲ್ಲಿ ಬರೆದು ಇಬ್ಬರೂ ನೋಡಿದರೆ ಅವಿಶ್ವಾಸ ತೋರಿಸಿದಂತಾಗುವುದಿಲ್ಲ. ನಮ್ಮ ತೋಟದ ಮೋಟಾರಿಗೆ ಇಂಥದೊಂದು ಪುಸ್ತಕವಿದ್ದಿದ್ದರೆ ಒಂಬತ್ತು ವರ್ಷಗಳು ಉಳಿಯುತ್ತಿದ್ದುವು. ಆಸ್ತಿಯ ವಿಷಯದಲ್ಲಿ ಕಾನೂನನ್ನು ತಿಳಿದುಕೊಳ್ಳುವುದೂ ಒಳ್ಳೆಯದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ಕರ್ನಾಟಕದ ತಿದ್ದುಪಡಿಯು ೧೯೯೪ರಲ್ಲಿಯೂ ಕೇಂದ್ರದ ತಿದ್ದುಪಡಿಯು ೨೦೦೫ರಲ್ಲಿಯೂ ಒದಗಿಸಿದುವು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ಸ್ಪಷ್ಟಪಡಿಸಿತು. ಅಕ್ಕತಂಗಿಯರಿಂದ ವಿಷಯವನ್ನು ಮರೆಮಾಚಿ ರುಜು ಹಾಕಿಸಿಕೊಂಡ ಪತ್ರದ ಮೇಲೆ ಪ್ರೀತಿಯು ನಿಲ್ಲಲಾರದು.

೫. ಮಿತಿಯನ್ನು ಮರ್ಯಾದೆಯಿಂದ ತಿಳಿಸಿರಿ. ಅಂಕಗಳೆಷ್ಟು, ಕೆಲಸ ಯಾವಾಗ, ಮದುವೆ ಯಾವಾಗ ಎಂಬ ಹಿರಿಯರ ಪ್ರಶ್ನೆಗಳು ಅನೇಕ ವೇಳೆ ತರುಣರನ್ನು ನೋಯಿಸುತ್ತವೆ. ಇವುಗಳಲ್ಲಿ ಬಹುಪಾಲು ಮಾತಿಗೆ ಬೇರೆ ವಿಷಯ ತೋಚದೆ ಕೇಳಿದವು. "ತೀರ್ಮಾನವಾದಾಗ ನಿಮಗೇ ಮೊದಲು ಹೇಳುತ್ತೇನೆ, ದೊಡ್ಡಮ್ಮ, ನಿಮ್ಮ ಮಂಡಿನೋವು ಹೇಗಿದೆ?" ಎಂದರೆ ಪ್ರಶ್ನೆಯೂ ಮುಗಿಯಿತು, ಸಂಬಂಧವೂ ಉಳಿಯಿತು.

೬. ಜಗಳದ ಎಲ್ಲೆಯನ್ನು ಗುರುತಿಸಿರಿ. ಇಬ್ಬರ ವ್ಯಾಜ್ಯವು ಇಬ್ಬರಲ್ಲಿಯೇ ಉಳಿಯಲಿ. ಉಳಿದ ಸಂಬಂಧಗಳಿಗೆ ಅದನ್ನು ಹರಡಬಾರದು. ಕಿರಿಯರು ಇದರಲ್ಲಿ ಹಿರಿಯರಿಗಿಂತ ಸ್ವತಂತ್ರರು.

ಉಪಸಂಹಾರ

ಆ ಮದುವೆಯಾದ ತಿಂಗಳಲ್ಲಿಯೇ ನಾನೂ ನನ್ನ ಅಳಿಯನೂ ಚಿಕ್ಕಪ್ಪನ ಮನೆಗೆ ಹೋದೆವು. ಹೋಗುವುದಕ್ಕೆ ಮುಂಚೆ ತಂದೆಯವರಿಗೆ ತಿಳಿಸಿದೆನು. ಅವರು ಬೇಡವೆನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಚಿಕ್ಕಮ್ಮ ಬಾಗಿಲಲ್ಲಿ ನಮ್ಮನ್ನು ನೋಡಿ ಒಂದು ಗಳಿಗೆ ಸುಮ್ಮನೆ ನಿಂತು, ಬಳಿಕ "ಕೈಕಾಲು ತೊಳೆದುಕೊಂಡು ಬನ್ನಿ, ಊಟಕ್ಕೆ ಹಾಕುತ್ತೇನೆ" ಎಂದರು. ಮೋಟಾರಿನ ಮಾತು ಬರಲೇ ಇಲ್ಲ. ಅಳಿಯನು ತಾನು ಬರೆದ ವಂಶವೃಕ್ಷವನ್ನು ತೋರಿಸಿದಾಗ ಚಿಕ್ಕಪ್ಪ ಕನ್ನಡಕ ಹಾಕಿಕೊಂಡು, ಅದರಲ್ಲಿ ಬಿಟ್ಟುಹೋಗಿದ್ದ, ಎಳವೆಯಲ್ಲಿಯೇ ತೀರಿಕೊಂಡ ತಮ್ಮ ತಂಗಿಯೊಬ್ಬಳ ಹೆಸರನ್ನು ಸೇರಿಸಿದರು. ಆ ಹೆಸರು ನನಗೂ ತಿಳಿದಿರಲಿಲ್ಲ. ತಂದೆಯವರನ್ನು ಬಿಟ್ಟರೆ ಅದನ್ನು ಬಲ್ಲವರು ಅವರೊಬ್ಬರೇ.

ಇಪ್ಪತ್ತು ಸಂಬಂಧಗಳಲ್ಲಿ ಹತ್ತೊಂಬತ್ತು ಹೀಗೆ ಒಂದೊಂದಾಗಿ ಚೇತರಿಸಿಕೊಂಡವು. ಇಪ್ಪತ್ತನೆಯದು ಬಹಳ ಕಾಲ ಹಾಗೆಯೇ ಉಳಿಯಿತು. ಕಳೆದ ವರ್ಷ ಚಿಕ್ಕಪ್ಪನವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಸಂಜೆ ತಂದೆಯವರು ಪತ್ರಿಕೆಯಿಂದ ತಲೆಯೆತ್ತದೆಯೇ, "ಹೇಗಿದ್ದಾನಂತೆ?" ಎಂದು ನನ್ನನ್ನು ಕೇಳಿದರು. ಮೂರನೆಯ ಸೂತ್ರವು ನನ್ನ ನೆನಪಿಗೆ ಬಂದಿತು. ನಾನು ಉತ್ತರ ಹೇಳದೆ, ಸಂಖ್ಯೆಯನ್ನು ಒತ್ತಿ ದೂರವಾಣಿಯನ್ನು ಅವರ ಕೈಗೆ ಕೊಟ್ಟೆನು. ಅವರು ಅದನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, ಅನಂತರ "ಕಣ್ಣು ಕಾಣುತ್ತದೇನೋ?" ಎಂದರು. ಅತ್ತಲಿಂದ ಏನು ಉತ್ತರ ಬಂದಿತೋ ನನಗೆ ಕೇಳಿಸಲಿಲ್ಲ. ನಾನು ಎದ್ದು ಹೊರಗೆ ಹೋದೆನು.

ಅಭ್ಯಾಸ

೧. ಎಂಟು ಜನರ ಮನೆಗೆ ಒಬ್ಬರು ಹೊಸದಾಗಿ ಸೇರಿದರೆ ಸಂಬಂಧಗಳ ಸಂಖ್ಯೆ ಎಷ್ಟರಿಂದ ಎಷ್ಟಕ್ಕೆ ಏರುತ್ತದೆ? (ಉತ್ತರ: ೨೮ರಿಂದ ೩೬ಕ್ಕೆ.)

೨. ಆರು ಮತ್ತು ಏಳು ಜನರಿರುವ ಎರಡು ಮನೆಗಳ ನಡುವೆ ಒಟ್ಟು ಎಷ್ಟು ಸಂಬಂಧಗಳಿವೆ? ಹದಿಮೂರು ಜನರ ಒಟ್ಟು ಸಂಬಂಧಗಳಿಂದ ಪ್ರತಿಯೊಂದು ಮನೆಯ ಒಳಗಿನ ಸಂಬಂಧಗಳನ್ನು ಕಳೆದು ತಾಳೆ ನೋಡಿರಿ. (ಉತ್ತರ: ೪೨.)

೩. ನಿಮ್ಮ ವಂಶವೃಕ್ಷದಲ್ಲಿ ಒಂದು ವರ್ಷದಿಂದ ನೀವು ಮಾತಾಡಿಸದಿರುವ ಬಂಧುಗಳನ್ನು ಗುರುತಿಸಿರಿ. ಅವರಲ್ಲಿ ಒಬ್ಬರನ್ನು ಈ ವಾರ ಮಾತಾಡಿಸಿರಿ. ಈ ಪ್ರಶ್ನೆಗೆ ಉತ್ತರವನ್ನು ಪುಸ್ತಕದ ಕೊನೆಯಲ್ಲಿ ಕೊಟ್ಟಿರುವುದಿಲ್ಲ.